ಊರಿನ ಬಲಕ್ಕೆ ಅಳತೆಗೋಲು ಯಾವುದು?

ಕೆಲವು ವರ್ಷಗಳ ಹಿಂದೆ ಪ್ರವಚನದ ನಿಮಿತ್ತ ಒಂದು ಹಳ್ಳಿಗೆ ಹೋಗಿದ್ದೆನು. ಅಲ್ಲಿಯ ಹಿರಿಯರೊಬ್ಬರು ಗ್ರಾಮ ಆರೋಗ್ಯ ಸಮಿತಿಯ ದಫ್ತರವನ್ನು ಅಭಿಮಾನದಿಂದ ತೋರಿಸಿದರು. ಸಭೆಗಳು ನಡೆದಿದ್ದವು, ಸಹಿಗಳು ಬಿದ್ದಿದ್ದವು, ಹಣದ ಲೆಕ್ಕವೂ ಚೊಕ್ಕವಾಗಿತ್ತು. ಪ್ರಸಾದದ ವೇಳೆಗೆ ಆ ಸಮಿತಿಯ ಸದಸ್ಯೆಯೇ ಆದ ತಾಯಿಯೊಬ್ಬರನ್ನು ವಿಚಾರಿಸಿದೆನು. "ಸಹಿ ಮಾಡಾಕ ಮನೀಗೇ ಪುಸ್ತಕ ಕಳಸ್ತಾರ್ರೀ ಅಜ್ಜಾರ. ಸಭಾದಾಗ ನಮ್ಮನ್ನ ಕೇಳೋರು ಯಾರದಾರ?" ಎಂದರು. ದಫ್ತರ ತುಂಬಿದ ಮಾತ್ರಕ್ಕೆ ಊರು ಬಲಗೊಂಡೀತೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಆರೋಗ್ಯವು ವೈದ್ಯರು ಕೊಡುವ ವಸ್ತುವಲ್ಲ, ಜನರು ತಾವೇ ಸಂಪಾದಿಸಿಕೊಳ್ಳಬೇಕಾದ ಸ್ಥಿತಿ ಎಂಬ ವಿಚಾರವು ಲೋಕಮಾನ್ಯವಾದದ್ದು ಈಚೆಗೆ. 1978ರ ಆಲ್ಮಾ-ಆಟಾ ಘೋಷಣೆಯು ಆರೋಗ್ಯ ಯೋಜನೆಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದು ಸಾರಿತು. 1986ರ ಒಟ್ಟಾವಾ ಸನ್ನದು ಇನ್ನೂ ಮುಂದೆ ಹೋಗಿ, ಸಮುದಾಯವು ತನ್ನ ಬಾಳಿನ ಮೇಲೆ ತಾನೇ ಹಿಡಿತ ಪಡೆಯುವುದನ್ನು ಆರೋಗ್ಯ ಸಂವರ್ಧನೆಯ ತಿರುಳಾಗಿ ಕಂಡಿತು. ನಮ್ಮ ನೆರೆಯ ಮಹಾರಾಷ್ಟ್ರದ ಜಾಮಖೇಡದಲ್ಲಿ ಡಾ. ರಜನೀಕಾಂತ ಮತ್ತು ಡಾ. ಮೇಬಲ್ ಆರೋಳೆ ದಂಪತಿಗಳು 1970ರಲ್ಲಿಯೇ ಈ ಹಾದಿ ಹಿಡಿದಿದ್ದರು. ಅಕ್ಷರ ಬಾರದ ಬಡ ಹೆಣ್ಣುಮಕ್ಕಳೂ ಅಲ್ಲಿ ತರಬೇತಿ ಪಡೆದು ಊರಿನ ಆರೋಗ್ಯ ಕಾರ್ಯಕರ್ತೆಯರಾದರು.

ಆದರೆ ಇಂಥ ಬಲವನ್ನು ಅಳೆಯುವುದು ಹೇಗೆ? ಮಗುವಿನ ತೂಕಕ್ಕೆ ತಕ್ಕಡಿಯಿದೆ, ಜ್ವರಕ್ಕೆ ಥರ್ಮಾಮೀಟರಿದೆ. ಜನರ ಶಕ್ತಿಗೆ ಅಂಥ ಸಾಧನವಿಲ್ಲ. 1988ರಲ್ಲಿ ಸೂಸನ್ ರಿಫ್ಕಿನ್ ಮತ್ತು ಸಂಗಡಿಗರು ಅಗತ್ಯಗಳ ಗುರುತಿಸುವಿಕೆ, ನಾಯಕತ್ವ, ಸಂಘಟನೆ, ಸಂಪನ್ಮೂಲ ಕ್ರೋಡೀಕರಣ, ನಿರ್ವಹಣೆ ಎಂಬ 5 ಮುಖಗಳನ್ನು ಹೇಳಿ, ಅವನ್ನು ಜೇಡರ ಬಲೆಯಂಥ ಚಿತ್ರದಲ್ಲಿ ತೋರಿಸಿದರು. ತರುವಾಯ ಗ್ಲೆನ್ ಲೇವರಾಕ್ ಎಂಬ ವಿದ್ವಾಂಸರು ಮುಖಗಳನ್ನು 9ಕ್ಕೆ ವಿಸ್ತರಿಸಿದರು. ಅವುಗಳಲ್ಲಿ ಎರಡು ನನಗೆ ಬಹಳ ಹಿಡಿಸಿದವು: ಜನರು "ಹೀಗೇಕೆ?" ಎಂದು ಕೇಳಬಲ್ಲರೇ ಎಂಬುದು ಒಂದು, ಹೊರಗಿನಿಂದ ಬಂದ ಸಹಾಯಕರು ಅಧಿಕಾರವನ್ನು ಊರಿಗೆ ಒಪ್ಪಿಸಿಕೊಡುತ್ತಿದ್ದಾರೆಯೇ ಎಂಬುದು ಇನ್ನೊಂದು.

ಈ ಪದ್ಧತಿಯಲ್ಲಿ ಅಳೆಯುವವರು ಅಧಿಕಾರಿಗಳಲ್ಲ, ಊರವರೇ. ಪ್ರತಿಯೊಂದು ಮುಖಕ್ಕೂ ಕೆಳಗಿನ ಸ್ಥಿತಿಯಿಂದ ಮೇಲಿನ ಸ್ಥಿತಿಯವರೆಗೆ 5 ವಿವರಣೆಗಳಿರುತ್ತವೆ. ಜನರು ಕೂಡಿ ಚರ್ಚಿಸಿ ತಮಗೊಪ್ಪುವ ವಿವರಣೆಯನ್ನು ಆರಿಸಿ, ಕಾರಣವನ್ನು ಬರೆದು, ಮುಂದೇನು ಮಾಡಬೇಕೆಂದು ನಿಶ್ಚಯಿಸುತ್ತಾರೆ. ಕೆಲವು ಕಾಲದ ಬಳಿಕ ಮತ್ತೆ ಅಳೆದು, ಹಿಂದಿನ ಚಿತ್ರದೊಡನೆ ಹೋಲಿಸುತ್ತಾರೆ. ಹೋಲಿಕೆ ತಮ್ಮೊಡನೆ ತಮ್ಮದೇ ಹೊರತು ನೆರೆಯೂರಿನೊಡನೆ ಪೈಪೋಟಿಯಲ್ಲ.

ಒಂದು ಎಚ್ಚರಿಕೆ ಅವಶ್ಯ. ಚರ್ಚೆಯಲ್ಲಿ ಗೌಡರೂ ಶ್ರೀಮಂತರೂ ಮಾತ್ರ ಮಾತನಾಡಿದರೆ ಚಿತ್ರವು ಅವರದಾಗುತ್ತದೆ, ಊರಿನದಾಗುವುದಿಲ್ಲ. ಹೆಂಗಸರು, ಕೂಲಿಕಾರರು ಮೊದಲು ತಮ್ಮತಮ್ಮಲ್ಲಿ ಮಾತನಾಡಿಕೊಂಡು ಬಂದರೆ ಆ ದೋಷವು ಕಡಿಮೆಯಾದೀತು.

ನಮ್ಮ ನಾಡಿಗೆ ಇದು ತೀರ ಹೊಸತೇನೂ ಅಲ್ಲ. ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ 2007ರಿಂದ 9 ರಾಜ್ಯಗಳಲ್ಲಿ ಸಮುದಾಯವೇ ಸೇವೆಗಳ ಮೇಲ್ವಿಚಾರಣೆ ಮಾಡುವ ಪ್ರಯೋಗ ನಡೆಯಿತು, ಕರ್ನಾಟಕವೂ ಅವುಗಳಲ್ಲೊಂದು. ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಊರವರು ಅಂಕಪಟ್ಟಿ ಸಿದ್ಧಪಡಿಸಿ, ಜನಸಂವಾದದಲ್ಲಿ ಅಧಿಕಾರಿಗಳ ಮುಂದಿಟ್ಟರು. ಅಕ್ಷರ ಬಾರದವರಿಗೂ ಬಣ್ಣ ತಿಳಿಯುತ್ತದೆಯಲ್ಲವೇ? ಆದರೆ ಆ ಪಟ್ಟಿ ಅಳೆದದ್ದು ಮುಖ್ಯವಾಗಿ ಸೇವೆಯನ್ನು. ಜನರ ಬಲವನ್ನು ಅಳೆಯುವ ಕೆಲಸ ಅದರಾಚೆಗಿದೆ.

ಸಹೃದಯ ಬಂಧುಗಳೇ, ನಿಮ್ಮ ಓಣಿಯ ಸಭೆಯ ಪುಸ್ತಕವನ್ನೊಮ್ಮೆ ತೆರೆದು ನೋಡಿರಿ. ಎಷ್ಟು ಸಹಿಗಳಿವೆ ಎಂದು ಎಣಿಸಬೇಡಿರಿ. ಯಾರ ಮಾತು ಬರಹಕ್ಕೆ ಬಂದಿದೆ, ಯಾರ ಮಾತಿನಿಂದ ನಿರ್ಣಯ ಬದಲಾಗಿದೆ ಎಂದು ನೋಡಿರಿ. ಸಹಿಯ ಪುಸ್ತಕವು ಆ ತಾಯಿಯ ಮನೆಗೆ ಹೋಗುವುದು ನಿಂತು, ಆಕೆಯೇ ಸಭೆಗೆ ಬಂದು ನೀರಿನ ಮಾತೆತ್ತಿದ ದಿನ ಆ ಊರು ಒಂದು ಮೆಟ್ಟಿಲು ಏರಿತೆಂದು ತಿಳಿಯೋಣ.