ಡಿವಿಡಿ ವಿಡಿಯೊ ಕತ್ತರಿಸಿದಾಗ ಚಿತ್ರ ಕೆಡುವುದು ಏಕೆ? ಸಾಫ್ಟ್‌ವೇರ್ ಆರಿಸುವ ಮುನ್ನ ಇದನ್ನು ಓದಿ

"ಹಳೆಯ ಮದುವೆ ಡಿವಿಡಿಯನ್ನು ಈ ಆ್ಯಪ್‌ಗೆ ಹಾಕಿ, ಒಂದೇ ಕ್ಲಿಕ್‌ನಲ್ಲಿ 4ಕೆ ಮಾಡಿಕೊಳ್ಳಿ" ಎಂಬ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಬರುತ್ತಲೇ ಇರುತ್ತವೆ. ಇದರ ಜೊತೆಗೆ ಇನ್ನೊಂದು ನಂಬಿಕೆಯೂ ಇದೆ: ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡಿದರೆ ಚಿತ್ರ ಕೆಡುವುದಿಲ್ಲ, ಉಚಿತದ್ದಾದರೆ ಕೆಡುತ್ತದೆ. ಎರಡೂ ನಿಜವಲ್ಲ.

ಬೆಳ್ತಂಗಡಿ ತಾಲ್ಲೂಕಿನ ಮನೆಗಳಿಗೆ ಇದು ಸಣ್ಣ ವಿಷಯವೇನಲ್ಲ. 2007ರಲ್ಲಿ ಧರ್ಮಸ್ಥಳದ ಬಾಹುಬಲಿಗೆ, 2012ರಲ್ಲಿ ವೇಣೂರಿನ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ ನಡೆದದ್ದು ಡಿವಿಡಿಯ ಕಾಲದಲ್ಲೇ. ಅದೇ ವರ್ಷಗಳ ಮದುವೆ, ಗೃಹಪ್ರವೇಶ, ಹರಕೆಯ ಬಯಲಾಟ, ಕುಟುಂಬದ ನೇಮ ಎಲ್ಲವೂ ಸ್ಟುಡಿಯೊದವರು ಬರೆದುಕೊಟ್ಟ ತಟ್ಟೆಗಳಲ್ಲಿವೆ. ಚಿತ್ರೀಕರಿಸಿದ ಕ್ಯಾಸೆಟ್ ಅವರ ಬಳಿ ಈಗಲೂ ಉಳಿದಿರುವುದು ಅಪರೂಪ. ಹಾಗಾಗಿ ಕಪಾಟಿನಲ್ಲಿರುವ ಆ ಡಿವಿಡಿಯೇ ಎಷ್ಟೋ ಮನೆಗಳಲ್ಲಿ ಮೂಲಪ್ರತಿ. ತೀರಿಹೋದ ಅಜ್ಜನ ದನಿ ಇರುವುದು ಅದೊಂದರಲ್ಲೇ ಇರಬಹುದು. ಅದನ್ನು ಹೇಗೋ ಮೊಬೈಲ್ ಫೈಲ್ ಮಾಡಿಸಿ, ತಟ್ಟೆಯನ್ನು ಗುಜರಿಗೆ ಹಾಕಿದರೆ ಕಳೆದದ್ದು ಮತ್ತೆ ಸಿಗುವುದಿಲ್ಲ.

ಈಗ ತಟ್ಟೆಯೊಳಗೆ ಏನಿದೆ ಎಂದು ನೋಡೋಣ. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಮಾದರಿಯ ಡಿವಿಡಿ ವಿಡಿಯೊದ ಅಳತೆ ಸಾಮಾನ್ಯವಾಗಿ 720×576 ಚುಕ್ಕೆಗಳು, ಸೆಕೆಂಡಿಗೆ 25 ಚಿತ್ರಗಳು. ಇದನ್ನು ಎಂಪೆಗ್-2 ಎಂಬ ವಿಧಾನದಲ್ಲಿ ಕುಗ್ಗಿಸಿ ಇಟ್ಟಿರುತ್ತಾರೆ. ಕುಗ್ಗಿಸುವುದು ಹೀಗೆ: ಒಂದು ಚಿತ್ರವನ್ನು ಪೂರ್ತಿ ಬರೆದುಕೊಂಡು, ಅದರ ನಂತರದ ಹತ್ತು ಹನ್ನೆರಡು ಚಿತ್ರಗಳಲ್ಲಿ ಏನು ಬದಲಾಯಿತು ಎಂಬುದನ್ನು ಮಾತ್ರ ಬರೆಯುವುದು. ಆಮೇಲೆ ಮತ್ತೊಂದು ಪೂರ್ಣ ಚಿತ್ರ. ಬರೆಯುವಾಗ ಕಣ್ಣಿಗೆ ಅಷ್ಟಾಗಿ ಬೀಳದ ವಿವರಗಳನ್ನು ಬಿಟ್ಟುಬಿಡಲಾಗುತ್ತದೆ. 4.7 ಜಿಬಿಯ ತಟ್ಟೆಯಲ್ಲಿ ಎರಡು ಗಂಟೆ ತುಂಬಿಸಿದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್ ಸಿಗುತ್ತದೆ, ನಾಲ್ಕು ಗಂಟೆ ತುರುಕಿದರೆ ಅದರ ಅರ್ಧ. ತೆಂಕುತಿಟ್ಟಿನ ವೇಷ ದಿಗಿಣ ಹಾಕುವಾಗ ಚಿತ್ರ ಚೌಕ ಚೌಕವಾಗಿ ಒಡೆಯುವುದನ್ನು ನೀವು ನೋಡಿರಬಹುದು. ಅಷ್ಟು ವೇಗದ ಬದಲಾವಣೆಯನ್ನು ಬರೆದಿಡಲು ಅಲ್ಲಿ ಜಾಗವೇ ಇರಲಿಲ್ಲ. ಈ ದೋಷ ತಟ್ಟೆಯಲ್ಲೇ ಇದೆ, ಯಾವ ಸಾಫ್ಟ್‌ವೇರ್ ಬಂದರೂ ಕಳೆದ ವಿವರ ವಾಪಸು ಬರುವುದಿಲ್ಲ.

ಎಡಿಟ್ ಮಾಡುವಾಗ ಆಗುವ ನಷ್ಟ ಬೇರೆ. ಹೆಚ್ಚಿನ ಎಡಿಟಿಂಗ್ ಆ್ಯಪ್‌ಗಳು, ದುಬಾರಿಯವೂ ಸೇರಿ, ವಿಡಿಯೊವನ್ನು ಬಿಚ್ಚಿ, ಕತ್ತರಿಸಿ, ಉಳಿಸುವಾಗ ಇಡೀ ವಿಡಿಯೊವನ್ನು ಇನ್ನೊಮ್ಮೆ ಕುಗ್ಗಿಸುತ್ತವೆ. ಜೆರಾಕ್ಸ್‌ನ ಜೆರಾಕ್ಸ್ ತೆಗೆದ ಹಾಗೆ. ನೀವು ಕತ್ತರಿಸಿದ್ದು ಬರೀ ಎರಡು ನಿಮಿಷವಾದರೂ ಉಳಿದ ಎರಡು ಗಂಟೆಗೂ ಪೆಟ್ಟು ಬೀಳುತ್ತದೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ಸಾಫ್ಟ್‌ವೇರ್‌ನ ಬೆಲೆ ಎಷ್ಟೆಂದಲ್ಲ. ಮತ್ತೆ ಕುಗ್ಗಿಸದೆ ಕತ್ತರಿಸಲು ಅದಕ್ಕೆ ಬರುತ್ತದೆಯೇ ಎಂದು.

ಅಂಥವು ಉಚಿತವಾಗಿಯೇ ಇವೆ. ಮೇಕ್‌ಎಂಕೆವಿ ತಟ್ಟೆಯಲ್ಲಿ ತುಂಡು ತುಂಡಾಗಿರುವ ವಿಒಬಿ ಫೈಲ್‌ಗಳನ್ನು ಇದ್ದ ಹಾಗೆಯೇ ಒಂದು ಎಂಕೆವಿ ಫೈಲ್‌ಗೆ ಸೇರಿಸುತ್ತದೆ. ಆ ಫೈಲನ್ನು ಲಾಸ್‌ಲೆಸ್‌ಕಟ್‌ನಲ್ಲಿ ಅಥವಾ ಅವಿಡೆಮಕ್ಸ್‌ನಲ್ಲಿ ತೆರೆದು ಕತ್ತರಿಸಬಹುದು. ಅವಿಡೆಮಕ್ಸ್‌ನಲ್ಲಿ ವಿಡಿಯೊ, ಆಡಿಯೊ ಎರಡನ್ನೂ 'ಕಾಪಿ' ಎಂದೇ ಇಟ್ಟುಕೊಳ್ಳಬೇಕು, ಮರೆತು ಬೇರೆ ಏನನ್ನಾದರೂ ಆರಿಸಿದರೆ ಮತ್ತೆ ಜೆರಾಕ್ಸ್. ಒಂದು ಮಿತಿಯೂ ಇದೆ: ಈ ವಿಧಾನದಲ್ಲಿ ತುಣುಕು ಪೂರ್ಣ ಚಿತ್ರವಿರುವಲ್ಲಿಂದಲೇ ಶುರುವಾಗಬೇಕು. ನೀವು ಬಯಸಿದ ಜಾಗಕ್ಕಿಂತ ಅರ್ಧ ಸೆಕೆಂಡು ಆಚೀಚೆ ಆಗಬಹುದು. ಧಾರೆಯ ದೃಶ್ಯವನ್ನು ಬೇರೆ ಮಾಡಲು ಅಷ್ಟು ಸಾಕು. ಹೆಸರು ಬರೆಯುವುದು, ಬಣ್ಣ ತಿದ್ದುವುದು, ಹಾಡು ಬೆರೆಸುವುದು ಬೇಕಿದ್ದರೆ ಮಾತ್ರ ಕತೆ ಬೇರೆ. ಚಿತ್ರದ ಮೇಲೆ ಏನೇ ಬರೆದರೂ ಆ ಭಾಗವನ್ನು ಮತ್ತೆ ಕುಗ್ಗಿಸಲೇಬೇಕು. ಹಾಡು ಬೆರೆಸಿದರೆ ಪೆಟ್ಟು ಆಡಿಯೊಗೆ ಮಾತ್ರ.

ಹೆಚ್ಚು ಜನ ಹೆಸರಿಸುವ ಹ್ಯಾಂಡ್‌ಬ್ರೇಕ್ ಒಳ್ಳೆಯ ಸಾಫ್ಟ್‌ವೇರೇ. ಆದರೆ ಅದರ ಕೆಲಸವೇ ಮತ್ತೆ ಕುಗ್ಗಿಸುವುದು. ಮೊಬೈಲ್‌ಗೆ ಸಣ್ಣ ಪ್ರತಿ ಮಾಡಲು ಅದನ್ನು ಬಳಸಿ, ಕಾದಿಡುವ ಪ್ರತಿಗೆ ಬೇಡ. ಡಿವಿಡಿ ವಿಡಿಯೊವನ್ನು ಕಂಪ್ಯೂಟರಿನಲ್ಲಿ ನೋಡಿದಾಗ ಕೈ ಬೀಸುವಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆಗಳು ಕಂಡರೆ ಗಾಬರಿ ಬೇಡ. ಹಳೆಯ ಟಿವಿಗಾಗಿ ಒಂದು ಚಿತ್ರವನ್ನು ಎರಡು ಅರ್ಧಗಳಾಗಿ, ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಹಿಡಿದಿರುವುದರಿಂದ ಹಾಗೆ ಕಾಣುತ್ತದೆ. ಹ್ಯಾಂಡ್‌ಬ್ರೇಕ್‌ನ 'ಡಿಇಂಟರ್‌ಲೇಸ್' ಇದನ್ನು ಸರಿಮಾಡುತ್ತದೆ. ಅದನ್ನೂ ಮೊಬೈಲ್ ಪ್ರತಿಗೆ ಮಾತ್ರ ಮಾಡಿ.

ಇನ್ನು 4ಕೆ ಮಾತು. 720×576 ಅಂದರೆ ಸುಮಾರು 4.15 ಲಕ್ಷ ಚುಕ್ಕೆಗಳು. 4ಕೆ ಎಂದರೆ ಸುಮಾರು 83 ಲಕ್ಷ. ಇಪ್ಪತ್ತರಲ್ಲಿ ಒಂದು ಚುಕ್ಕೆ ಮಾತ್ರ ತಟ್ಟೆಯದ್ದು, ಉಳಿದ ಹತ್ತೊಂಬತ್ತನ್ನು ಸಾಫ್ಟ್‌ವೇರ್ ಊಹಿಸಿ ತುಂಬಿಸುತ್ತದೆ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಈ ಊಹೆಯನ್ನು ಚೆನ್ನಾಗಿಯೇ ಮಾಡಬಲ್ಲವು, ಆದರೆ ದೂರದಲ್ಲಿ ಕುಳಿತ ದೊಡ್ಡಮ್ಮನ ಮುಖದ ಬದಲು ನುಣುಪಾದ ಇನ್ಯಾರದೋ ಮುಖ ಬಂದು ಕೂರಲೂಬಹುದು. ನೋಡಿ ಖುಷಿಪಡಲು ಅಡ್ಡಿಯಿಲ್ಲ, ಮೂಲವನ್ನು ಎಸೆಯದಿದ್ದರೆ ಸರಿ.

ಮನೆಯಲ್ಲಿ ಡಿವಿಡಿ ಡ್ರೈವ್ ಇಲ್ಲದೆ ಅಂಗಡಿಗೆ ಕೊಡುವವರು ಹೇಳಬೇಕಾದ್ದು ಒಂದೇ ಮಾತು: "ಎಂಪಿ4 ಮಾಡುವುದು ಬೇಡ, ತಟ್ಟೆಯಲ್ಲಿರುವ ವಿಡಿಯೊ_ಟಿಎಸ್ ಫೋಲ್ಡರನ್ನು ಹಾಗೆಯೇ ಕಾಪಿ ಮಾಡಿಕೊಡಿ." ಈ ಕೆಲಸವನ್ನು ಬೇಗ ಮಾಡಿಸುವುದು ಒಳ್ಳೆಯದು. ಸ್ಟುಡಿಯೊದಲ್ಲಿ ಬರೆದ ತಟ್ಟೆಗಳಲ್ಲಿ ಮಾಹಿತಿ ಉಳಿಯುವುದು ಒಂದು ತೆಳು ಬಣ್ಣದ ಪದರದಲ್ಲಿ, ಬಿಸಿಲು, ಸೆಕೆ, ತೇವ ಅದಕ್ಕೆ ಆಗದು. ನಮ್ಮ ಮಳೆಗಾಲ ಹೇಗಿರುತ್ತದೆಂದು ಹೇಳಬೇಕಿಲ್ಲ. ಧೂಳಿದ್ದರೆ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಒರೆಸಬೇಡಿ.

ಕತ್ತರಿಸಿದ ತುಣುಕನ್ನು ಮುಂಬೈಯಲ್ಲಿರುವ ಮಾವನಿಗೆ ಕಳಿಸುವಾಗಲೂ ಸ್ವಲ್ಪ ಎಚ್ಚರ ಬೇಕು. ವಾಟ್ಸಾಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಮತ್ತೆ ಕುಗ್ಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳಿಸಿದರೆ 2 ಜಿಬಿವರೆಗಿನ ಫೈಲ್ ಇದ್ದ ಹಾಗೆಯೇ ತಲುಪುತ್ತದೆ. ಎಂಕೆವಿ ಅವರ ಫೋನ್‌ನಲ್ಲಿ ತೆರೆಯದಿದ್ದರೆ ವಿಎಲ್‌ಸಿ ಆ್ಯಪ್ ಹಾಕಿಕೊಳ್ಳಲು ಹೇಳಿ.