ಮೂಳೆಗೆ ರಾಡ್ ಹಾಕಿದ್ರು, ಅದರ ಮೇಲೆ ಮಾಂಸ ಹೊದಿಸೋದು ಯಾವಾಗ?



ಮೊಣಕಾಲಿನ ಕೆಳಗೆ ಮುಂಭಾಗ ಒಮ್ಮೆ ಮುಟ್ಟಿ ನೋಡ್ಕೊಳ್ಳಿ. ಚರ್ಮದ ಕೆಳಗೆ ಸೀದಾ ಮೂಳೆ. ಅಪಘಾತದಲ್ಲಿ ಅಲ್ಲಿನ ಚರ್ಮ ಕಿತ್ತುಹೋದರೆ ಮುರಿದ ಮೂಳೆ ಬಯಲಿಗೆ ಬೀಳುತ್ತೆ, ಒಣಗುತ್ತೆ, ಕೀವು ಹಿಡಿಯುತ್ತೆ. ಅದಕ್ಕೇ ಮೂಳೆ ಕೂರಿಸಿದರಷ್ಟೇ ಸಾಲದು. ಗಾಯ ಚೆನ್ನಾಗಿ ತೊಳೆದು, ಸತ್ತ ಮಾಂಸ ತೆಗೆದು, ರಕ್ತ ಓಡಾಡೋ ಮಾಂಸ ತಂದು ಹೊದಿಸಬೇಕು. ಡಾಕ್ಟರುಗಳು ಇದಕ್ಕೆ ಫ್ಲ್ಯಾಪ್ ಅಂತಾರೆ. ಮಾಡೋರು ಸಾಮಾನ್ಯವಾಗಿ ಪ್ಲಾಸ್ಟಿಕ್ ಸರ್ಜನ್‌ಗಳು.

ಯಾವಾಗ ಮಾಡಬೇಕು? ಲ್ಯುಬ್ಲಿಯಾನಾದ ಸರ್ಜನ್ ಮಾರ್ಕೊ ಗೊಡಿನಾ ಅವರ 532 ರೋಗಿಗಳ ಲೆಕ್ಕ 1986ರಲ್ಲೇ ಪ್ರಕಟವಾಗಿದೆ. 72 ಗಂಟೆಯೊಳಗೆ ಫ್ಲ್ಯಾಪ್ ಆದವರಲ್ಲಿ ಸೋಂಕು ಶೇ. 1.5. ಮೂರು ದಿನ ದಾಟಿ ಮೂರು ತಿಂಗಳೊಳಗೆ ಆದವರಲ್ಲಿ ಶೇ. 17.5. ಗಾಯ ಸರಿಯಾಗಿ ಶುದ್ಧ ಮಾಡಿದ್ದರೆ ಒಂದು ವಾರದ ತನಕ ತಡೆಯಬಹುದು ಅಂತ ನಂತರದವರು ವಾದ ಮಾಡಿದ್ದಾರೆ. ಇರಲಿ. ವಾರಗಟ್ಟಲೆ ಡ್ರೆಸ್ಸಿಂಗ್ ಮಾಡ್ತಾ ಕೂತಿರಿ ಅಂತ ಅವರೂ ಹೇಳಿಲ್ಲ.

ನಮ್ಮ ಕೇರಿಯವರು ಬೀಳೋದು ಸರಿಯಾಗಿ ಆ ನಡುವಿನ ಗುಂಡಿಗೇ. ನಾನು ಜೊತೆಗೆ ಓಡಾಡಿದ ಒಂದು ಕೇಸ್ ಹೇಳ್ತೀನಿ. ಗಾರೆ ಕೆಲಸದ ಹುಡುಗ. ಆಸ್ಪತ್ರೆಯಲ್ಲಿ ಅದೇ ರಾತ್ರಿ ಹೊರಗಿನಿಂದ ರಾಡ್ ಹಾಕಿದ್ರು, ಅದಕ್ಕೆ ಕೈಮುಗೀತೀನಿ. ಆದರೆ ಪ್ಲಾಸ್ಟಿಕ್ ಸರ್ಜನ್ ಇರಲಿಲ್ಲ. ‘ನೋಡೋಣ, ಮಾಂಸ ತುಂಬ್ಕೊಳ್ಳುತ್ತೆ’ ಅಂತ ದಿನ ತಳ್ಳಿದ್ರು. ಬೆಂಗಳೂರಿಗೆ ರೆಫರ್ ಚೀಟಿ ಬಂದಿದ್ದು 19ನೇ ದಿನ. ಅಷ್ಟೊತ್ತಿಗೆ ಮೂಳೆ ಕಪ್ಪಾಗಿತ್ತು. ಮೊಣಕಾಲಿನ ಕೆಳಗೆ ಕಾಲು ತೆಗೆದರು.

‘ಇದರಲ್ಲೂ ಜಾತಿ ತರ್ತೀರಾ’ ಅಂತ ಕೆಲವರು ಕೇಳ್ತಾರೆ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ನಿಂತು ಕೂಲಿಗೆ ಹೋಗೋರು ಯಾರು? ನಸುಕಿನಲ್ಲಿ ಹೆದ್ದಾರಿ ಬದಿ ಗುಡಿಸೋರು ಯಾರು? 1929ರಲ್ಲಿ ಚಾಳೀಸಗಾಂವ್‌ನಲ್ಲಿ ಟಾಂಗಾದವರು ಅಸ್ಪೃಶ್ಯನನ್ನ ಕೂರಿಸ್ಕೊಂಡು ಓಡಿಸೋಕೆ ಒಪ್ಪಲಿಲ್ಲ. ಓಡಿಸಿ ಅಭ್ಯಾಸ ಇಲ್ಲದವರೊಬ್ಬರು ಲಗಾಮು ಹಿಡಿದರು. ಬಾಬಾಸಾಹೇಬರು ಸೇತುವೆ ಮೇಲೆ ಬಿದ್ದು ಕಾಲು ಮುರ್ಕೊಂಡರು. ಕಾಲು ಮುರಿಯೋದಕ್ಕೂ ಜಾತಿಗೂ ಸಂಬಂಧ ಇಲ್ಲ ಅನ್ನೋರು ಅದನ್ನ ಓದಲಿ.

ಕೇಂದ್ರ ಸರ್ಕಾರ 2025ರಲ್ಲಿ ರಸ್ತೆ ಅಪಘಾತದವರಿಗೆ ನಗದುರಹಿತ ಚಿಕಿತ್ಸೆ ಯೋಜನೆ ತಂತು. 1.5 ಲಕ್ಷ ರೂಪಾಯಿ ತನಕ, ಅಪಘಾತದ ದಿನದಿಂದ 7 ದಿನ. ಒಳ್ಳೇದೇ. ಆದರೆ ಆ ಏಳು ದಿನ ಫ್ಲ್ಯಾಪ್ ಮಾಡೋರೇ ಇಲ್ಲದ ವಾರ್ಡಿನಲ್ಲಿ ಕಳೆದುಹೋದರೆ? ಕೊಯಮತ್ತೂರಿನ ಗಂಗಾ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು, ಪ್ಲಾಸ್ಟಿಕ್ ಸರ್ಜನ್ನು ಮೊದಲಿನಿಂದಲೇ ಒಟ್ಟಿಗೆ ಗಾಯ ನೋಡ್ತಾರೆ. ಅದು ಖಾಸಗಿ ಆಸ್ಪತ್ರೆ. ಸರ್ಕಾರಿ ಜಿಲ್ಲಾಸ್ಪತ್ರೆಯಲ್ಲಿ ಯಾಕಾಗಲ್ಲ? ಆಗದಿದ್ರೆ ಮೊದಲ ದಿನವೇ ರೆಫರ್ ಮಾಡಿ, ಆಂಬುಲೆನ್ಸ್ ಕೊಡಿ.

ನಿಮ್ಮ ಕೇರಿಯಲ್ಲಿ ಇಂಥ ಕೇಸ್ ಆದರೆ ಅದೇ ರಾತ್ರಿ ಎರಡು ಮಾತು ಕೇಳಿ: ಫ್ಲ್ಯಾಪ್ ಬೇಕಾಗುತ್ತಾ? ಮಾಡೋರು ಇಲ್ಲಿದ್ದಾರಾ? ಉತ್ತರ ಕೇಸ್ ಶೀಟಿನಲ್ಲಿ ಬರೆಸಿ. ಪ್ಲಾಸ್ಟಿಕ್ ಸರ್ಜನ್ ಹುದ್ದೆ ಎಷ್ಟಿದೆ, ಎಷ್ಟು ಖಾಲಿ ಅಂತ ನಮ್ಮ ಜಿಲ್ಲೆಗೆ ನಾನು ಆರ್‌ಟಿಐ ಹಾಕಿದೀನಿ. ನಿಮ್ಮ ಜಿಲ್ಲೆಗೆ ನೀವು ಹಾಕಿ. ಅರ್ಜಿ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ.