ಉಪ್ಪಿನ ಸೀಮೆಯ ಒಲವು

ಇಡಗುಂಜಿ, ಮುರ್ಡೇಶ್ವರಗಳಿಗೆ ಯಾತ್ರೆ ಹೊರಟ ನಮ್ಮ ಕುಟುಂಬಗಳು ಹೊನ್ನಾವರದ ಸಮೀಪದ ಅಪ್ಸರಕೊಂಡದಲ್ಲಿ ತುಸು ಹೊತ್ತು ತಂಗುವುದುಂಟು. ಅಲ್ಲಿನ ಜಲಪಾತವೂ ಗುಡ್ಡದ ಮೇಲಿಂದ ಕಾಣುವ ಸಮುದ್ರವೂ ಮನಸ್ಸನ್ನು ತಣಿಸುತ್ತವೆ. ಇದೇ ಕರಾವಳಿಯಲ್ಲಿ ಉತ್ತರಕ್ಕೆ, ಕುಮಟೆಯ ಆಚೆಗಿನ ಅಂಕೋಲೆಯಲ್ಲಿ, 1930ರ ಏಪ್ರಿಲ್ 13ರಂದು ಜನರು ಉಪ್ಪಿನ ಕಾನೂನನ್ನು ಮುರಿದರು. ಮುಂದೆ ಅಂಕೋಲೆ, ಸಿದ್ದಾಪುರ ಸೀಮೆಗಳ ರೈತರು ಕಂದಾಯ ಕೊಡೆವೆಂದು ನಿಂತಾಗ ಹೊಲ, ತೋಟ, ದನಕರುಗಳು ಜಪ್ತಿಯಾದವು.

ಕಂದಾಯದ ಹೊಣೆ ಗಂಡಸರ ಹೆಸರಿನಲ್ಲಿದ್ದರೂ ಜಪ್ತಿಯ ಪೆಟ್ಟು ಬಿದ್ದುದು ಅಡಿಗೆಮನೆಯ ಮೇಲೆ. ಆದರೂ ಆ ತಾಯಂದಿರು ಬರಿದೆ ಕಣ್ಣೀರು ಸುರಿಸುತ್ತ ಕೂಡಲಿಲ್ಲ. ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಸಿದ್ದಾಪುರ ಸೀಮೆಯ ಸ್ತ್ರೀಯರು ಉಪವಾಸ ಕುಳಿತರು.

ಸ್ವಾತಂತ್ರ್ಯ ಹೋರಾಟದ ಕಾದಂಬರಿಗಳನ್ನು ಓದುವಾಗ ಈ ಸಂಗತಿ ನೆನಪಿನಲ್ಲಿರಬೇಕು. ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿ, ಚಲೇಜಾವ್ ಚಳವಳಿಯಲ್ಲಿ ಸೆರೆಮನೆ ಕಂಡ ಬಸವರಾಜ ಕಟ್ಟೀಮನಿಯವರು ‘ಮಾಡಿ ಮಡಿದವರು’ ಬರೆದರು. ಕಯ್ಯೂರಿನ ರೈತರ ಹೋರಾಟವನ್ನೂ 1943ರಲ್ಲಿ ಗಲ್ಲಿಗೇರಿದ ನಾಲ್ವರನ್ನೂ ಕುರಿತು ನಿರಂಜನರು ‘ಚಿರಸ್ಮರಣೆ’ಯನ್ನು ಕೊಟ್ಟರು. ಸಾಮಾನ್ಯ ಹಳ್ಳಿಗರೇ ಇತಿಹಾಸವನ್ನು ಹೊತ್ತವರೆಂದು ಇಂಥ ಕೃತಿಗಳು ತೋರಿಸಿಕೊಟ್ಟವು.

ಆದರೆ ಈ ಬಗೆಯ ಅನೇಕ ಕಥೆ, ಚಲನಚಿತ್ರಗಳಲ್ಲಿ ಒಲವಿಗೆ ಎರಡೇ ಪಾತ್ರ: ಒಂದೋ ಅದು ವೀರನ ಕಾಲಿಗೆ ತೊಡರುವ ಬಳ್ಳಿ, ಇಲ್ಲವೇ ಹೊಸ್ತಿಲಲ್ಲಿ ಕಾಯುವ ದೀಪ. ದೇಶಕ್ಕಾಗಿ ಹೊರಟವನು ಮನೆಯಾಕೆಯ ಮಾತನ್ನು ಕೇಳಿದನೆ? ಒಲೆ ಉರಿಯದ ದಿನಗಳ ಲೆಕ್ಕ ಯಾರು ಬರೆದರು? ಅಲ್ಲಿ ಈ ಪ್ರಶ್ನೆಗಳು ಏಳುವುದೇ ಅಪರೂಪ.

ಶರಣರ ದಾಂಪತ್ಯ ನಮಗೆ ಬೇರೊಂದು ಅಳತೆಗೋಲನ್ನು ಕೊಟ್ಟಿದೆ. ಅಕ್ಕಿ ಆಯುವ ಕಾಯಕದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದವಳು ಲಕ್ಕಮ್ಮ. ಅವಳು ಗಂಡನ ವ್ರತವನ್ನು ಕಾದುದು ಮೌನದಿಂದಲ್ಲ, ಮಾತಿನಿಂದ. ಪ್ರೀತಿಯೆಂದರೆ ಹಿಂಬಾಲಿಸುವುದಷ್ಟೇ ಅಲ್ಲ. ತಪ್ಪಿದಲ್ಲಿ ತಡೆಯುವುದು, ಒಪ್ಪಿದಲ್ಲಿ ಹೆಗಲು ಕೊಡುವುದು.

ಆದುದರಿಂದ ಇಂಥದೊಂದು ಕಾದಂಬರಿಯನ್ನು ಮನೆಮಂದಿಯೆಲ್ಲ ಕೂಡಿ ಓದಿರಿ. ಓದುವಾಗ ಮಕ್ಕಳಿಗೆ ಒಂದು ಪ್ರಶ್ನೆ ಹಾಕಿರಿ: ‘ಈ ಕಥೆಯಲ್ಲಿ ಲಕ್ಕಮ್ಮ ಎಲ್ಲಿದ್ದಾಳೆ?’ ಪುಸ್ತಕದಲ್ಲಿ ಅವಳು ಸಿಗದಿದ್ದರೆ ನಿಮ್ಮ ಮನೆಯ ಹಿರಿಯರನ್ನು ವಿಚಾರಿಸಿರಿ. ಅವರ ಅಜ್ಜಿ, ಮುತ್ತಜ್ಜಿಯರ ನೆನಪಿನಲ್ಲಿ ಅವಳು ಸಿಕ್ಕಾಳು.